ವಿಂಡೋಸ್ 10ರಿಂದ 11ಕ್ಕೆ ಹೋಗಬೇಕು: ಲೈಸೆನ್ಸ್ ನಮ್ಮದೇ ಅಂತ ತೋರಿಸೋದು ಹೇಗೆ?

ಪ್ರಶ್ನೆ: ತುಂಗಾತೀರ

ಶಿವಮೊಗ್ಗದಲ್ಲಿ ತೆರಿಗೆ ಸಲಹೆಗಾರರ ಕಚೇರಿ, ಒಟ್ಟು 6 ಕಂಪ್ಯೂಟರ್. ಎಲ್ಲದರಲ್ಲೂ ವಿಂಡೋಸ್ 10 ಇದೆ. ಅದಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತಿರೋದರಿಂದ 11ಕ್ಕೆ ಏರಿಸಬೇಕು. ಅಪ್‌ಗ್ರೇಡ್ ಉಚಿತ ಅನ್ನೋದು ಗೊತ್ತು. ತೊಡಕು ಇರೋದು ಲೈಸೆನ್ಸ್ ನಮ್ಮದು ಅಂತ ತೋರಿಸೋದರಲ್ಲಿ. ಯಂತ್ರಗಳ ವಿವರ ಹೀಗಿದೆ:

ಒಂದು ಬ್ರ್ಯಾಂಡೆಡ್ ಲ್ಯಾಪ್‌ಟಾಪ್, 2019ರದ್ದು. ವಿಂಡೋಸ್‌ನ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿ ಜೊತೆಗೇ ಬಂದಿತ್ತು. ಮದರ್‌ಬೋರ್ಡ್ ಸುಟ್ಟು, ಹೊರಗಿನ ರಿಪೇರಿ ಅಂಗಡಿಯಲ್ಲಿ ಬೇರೆ ಬೋರ್ಡ್ ಹಾಕಿಸಿದ ಮೇಲೆ ಆಕ್ಟಿವೇಶನ್ ಹೋಗಿದೆ.

ಎರಡು ಅಸೆಂಬಲ್ಡ್ ಡೆಸ್ಕ್‌ಟಾಪ್, 2018ರ ಮೇ ತಿಂಗಳಲ್ಲಿ ಕೊಂಡದ್ದು. ಬಿಲ್‌ನಲ್ಲಿ "ಅಸೆಂಬಲ್ಡ್ ಪಿಸಿ ವಿತ್ ಸಾಫ್ಟ್‌ವೇರ್, 2" ಅಂತ ಒಂದೇ ಸಾಲು. ಎರಡರಲ್ಲೂ ಪ್ರೊ. ಒಂದಕ್ಕೆ 11 ಓಡಲಿ ಅಂತ 12ನೇ ಜನರೇಶನ್ ಪ್ರೊಸೆಸರ್, ಬೋರ್ಡ್ ಹಾಕಿದ್ದೇವೆ, ಅದರ ಆಕ್ಟಿವೇಶನ್ ಹೋಯಿತು. ಇನ್ನೊಂದು 7ನೇ ಜನರೇಶನ್, ಹಾಗೇ ಇದೆ.

ಉಳಿದ ಮೂರು ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಡೆಸ್ಕ್‌ಟಾಪ್, 8ನೇ ಜನರೇಶನ್, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು. ವಿಂಡೋಸ್ 10 ಎಂಟರ್‌ಪ್ರೈಸ್, "ಆಕ್ಟಿವೇಟೆಡ್" ಅಂತ ತೋರಿಸುತ್ತವೆ.

ಮೈಕ್ರೋಸಾಫ್ಟ್ ಸಪೋರ್ಟ್ ಚಾಟ್‌ನಲ್ಲಿ ಕೊಂಡ ದಾಖಲೆ ಕೇಳುತ್ತಾರೆ. ಕೀ ಇರುವ ಸ್ಕ್ರೀನ್‌ಶಾಟ್ ಕಳಿಸಿದರೆ ಒಪ್ಪಲಿಲ್ಲ. ಯಾವ ದಾಖಲೆ ನಡೆಯುತ್ತದೆ? ಯಾವ ಯಂತ್ರಕ್ಕೆ ಹೊಸ ಲೈಸೆನ್ಸ್ ಕೊಳ್ಳಲೇಬೇಕು?


ಉತ್ತರ: ಕೀಲಿಕೈ

ಸೆಟಿಂಗ್ಸ್‌ನಲ್ಲಿ "ಆಕ್ಟಿವೇಟೆಡ್" ಅಂತ ಬಂದರೆ ಆ ಯಂತ್ರ ಆಕ್ಟಿವೇಶನ್ ಪರೀಕ್ಷೆ ದಾಟಿದೆ ಅಂತ ಅಷ್ಟೇ. ಲೈಸೆನ್ಸ್ ನಿಮ್ಮ ಹೆಸರಿಗಿದೆ ಅನ್ನೋದಕ್ಕೆ ಅದು ಸಾಕ್ಷಿಯಾಗೋದಿಲ್ಲ. ಕಳ್ಳ ಸ್ಕ್ರಿಪ್ಟ್ ಓಡಿಸಿದ ಯಂತ್ರವೂ ಅದೇ ಪದ ತೋರಿಸುತ್ತದೆ. ಕೀ ಸ್ಕ್ರೀನ್‌ಶಾಟ್ ಒಪ್ಪದಿರೋದೂ ಅದಕ್ಕೇ: 25 ಅಕ್ಷರದ ಕೀಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅವರು ನೋಡೋದು ಬಿಲ್, ಕೀ ಇರುವ ಮೂಲ ಕಾರ್ಡ್ ಅಥವಾ ಸ್ಟಿಕ್ಕರ್, ಮತ್ತು ಇವೆರಡೂ ಆ ಯಂತ್ರಕ್ಕೇ ಸೇರಿದವು ಅನ್ನೋದಕ್ಕೆ ಒಂದು ಕೊಂಡಿ.

ಆದರೆ ದಾಖಲೆ ಹುಡುಕೋ ಮೊದಲು ಪ್ರತಿ ಯಂತ್ರದಲ್ಲಿ ಇರೋದು ಯಾವ ಬಗೆಯ ಲೈಸೆನ್ಸ್ ಅಂತ ತಿಳಿಯಬೇಕು. ಇಲ್ಲದಿದ್ದರೆ ತಪ್ಪು ಕಾಗದ ಹಿಡಿದುಕೊಂಡು ಚಾಟ್‌ನಲ್ಲಿ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಸ್ಲ್ಯಾಶ್, ಡಿಎಲ್‌ವಿ ಅಂತ ಹೊಡೆಯಿರಿ. ಇಂಗ್ಲಿಷಿನಲ್ಲಿ ಎಲ್ಲವೂ ಸಣ್ಣಕ್ಷರ. ಒಂದೆರಡು ಸೆಕೆಂಡಿನಲ್ಲಿ ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ ಡಿಸ್ಕ್ರಿಪ್ಶನ್ ಸಾಲಿನ ಕೊನೆಗೆ ಚಾನೆಲ್, ಅಂದರೆ ಲೈಸೆನ್ಸಿನ ಬಗೆ, ಯಾವುದು ಅಂತ ಇರುತ್ತದೆ. ಅದನ್ನು ಬರೆದುಕೊಳ್ಳಿ.

ಒಇಎಂ ಅಂದರೆ ಯಂತ್ರದ ಜೊತೆಗೇ ಮಾರುವ ತಯಾರಕರ ಲೈಸೆನ್ಸ್. ಒಇಎಂ_ಡಿಎಂ ಅಂತ ಇದ್ದರೆ ಕೀ ಮದರ್‌ಬೋರ್ಡ್‌ನ ಬಯಾಸ್‌ನಲ್ಲೇ (ಯಂತ್ರ ಶುರುವಾಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಕೂತಿದೆ. ವಿಂಡೋಸ್ 8ರ ಕಾಲದಿಂದ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಇದೇ ಪದ್ಧತಿ. ಒಇಎಂ_ಸಿಒಎ ಅಂತ ಶುರುವಾದರೆ ಸ್ಟಿಕ್ಕರ್‌ನಲ್ಲಿ ಬಂದ ಕೀ, ಅಸೆಂಬಲ್ಡ್ ಯಂತ್ರದ ಜೊತೆ ತಯಾರಕರ ಪ್ಯಾಕ್ ಮಾರಿದ್ದಾರೆ. ರಿಟೇಲ್ ಅಂದರೆ ಅಂಗಡಿಯ ಬಾಕ್ಸ್ ಅಥವಾ ಆನ್‌ಲೈನ್ ಖರೀದಿ. ವಾಲ್ಯೂಮ್ ಅಂತ ಬಂದರೆ ಯಾವುದೋ ದೊಡ್ಡ ಸಂಸ್ಥೆಯ ಒಪ್ಪಂದದ್ದು.

ರಿಟೇಲ್ ವಿಚಾರದಲ್ಲಿ ಒಂದು ಎಚ್ಚರಿಕೆ. ಅದೇ ಕಿಟಕಿಯಲ್ಲಿ ಪಾರ್ಶಿಯಲ್ ಕೀ ಅಂತ ಕೊನೆಯ 5 ಅಕ್ಷರ ಕಾಣುತ್ತವೆ. ಅವು 3ವಿ66ಟಿ ಆಗಿದ್ದರೆ ಅದು ಪ್ರೊ ಆವೃತ್ತಿಯ ಸಾರ್ವತ್ರಿಕ ಕೀ, ಲೋಕದ ಎಲ್ಲರ ಯಂತ್ರದಲ್ಲೂ ಅದೇ ಇರುತ್ತದೆ. ಹೋಮ್‌ಗೆ 8ಎಚ್‌ವಿಎಕ್ಸ್7, ಸಿಂಗಲ್ ಲ್ಯಾಂಗ್ವೇಜ್‌ಗೆ 6ಎಫ್4ಬಿಟಿ. ಹಳೆಯ ವಿಂಡೋಸ್ 7 ಅಥವಾ 8ರಿಂದ ಉಚಿತವಾಗಿ 10ಕ್ಕೆ ಏರಿಸಿದ ಯಂತ್ರಗಳಲ್ಲಿ ಇವು ಸಹಜ. ಕಳ್ಳ ಆಕ್ಟಿವೇಶನ್‌ನಲ್ಲೂ ಇವೇ ಕಾಣುತ್ತವೆ. ಹಾಗಾಗಿ ರಿಟೇಲ್ ಅಂತ ಬಂದ ಮಾತ್ರಕ್ಕೆ ನಿಮ್ಮ ಹತ್ತಿರ ರಿಟೇಲ್ ಲೈಸೆನ್ಸ್ ಇದೆ ಅಂತ ತಿಳಿಯಬೇಡಿ, ಕೊನೆಯ 5 ಅಕ್ಷರ ನೋಡಿ.

ಬಯಾಸ್‌ನೊಳಗಿನ ಕೀ ನೋಡೋದಕ್ಕೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಶೋಕೀಪ್ಲಸ್ ಅಂತ ಒಂದು ಚಿಕ್ಕ ಆ್ಯಪ್ ಇದೆ. ಈಗ ಹಾಕಿರುವ ಕೀ ಯಾವುದು, ಬಯಾಸ್‌ನಲ್ಲಿರುವ ಕೀ ಯಾವುದು, ಅದು ಯಾವ ಆವೃತ್ತಿಗೆ ಅಂತ ಬೇರೆ ಬೇರೆ ತೋರಿಸುತ್ತದೆ. ಆರಕ್ಕೂ ಇವೆರಡನ್ನು ಮಾಡಿ ಇಲ್ಲಿ ಹಾಕಿ. ಪೂರ್ತಿ ಕೀ ಹಾಕಬೇಡಿ, ಕೊನೆಯ 5 ಸಾಕು.


ಉತ್ತರ: ಲೆಕ್ಕದ ಕಟ್ಟು

ಬಿಲ್ ಬಗ್ಗೆ ನಾನು ಹೇಳುತ್ತೇನೆ, ಹೆಚ್ಚಿನವರು ಸೋಲೋದು ಅಲ್ಲೇ.

"ವಿತ್ ಸಾಫ್ಟ್‌ವೇರ್" ಅನ್ನೋ ಸಾಲಿಗೆ ಬೆಲೆ ಇಲ್ಲ. ಸಾಫ್ಟ್‌ವೇರ್ ಅಂದರೆ ಆಂಟಿವೈರಸ್ ಇರಬಹುದು, ಬೇರೆ ಏನಾದರೂ ಇರಬಹುದು. ಸಪೋರ್ಟಿನವರಿಗಾಗಲಿ ಆಡಿಟರ್‌ಗಾಗಲಿ ನಡೆಯುವ ಬಿಲ್‌ನಲ್ಲಿ ಉತ್ಪನ್ನದ ಪೂರ್ತಿ ಹೆಸರು ಬೇಕು: ವಿಂಡೋಸ್ 10 ಪ್ರೊ, 64 ಬಿಟ್, ಒಇಎಂ ಪ್ಯಾಕ್ ಅಥವಾ ರಿಟೇಲ್ ಬಾಕ್ಸ್, ಎಷ್ಟು ಪ್ರತಿ. ಯಂತ್ರದ ಅಥವಾ ಮದರ್‌ಬೋರ್ಡ್‌ನ ಸೀರಿಯಲ್ ನಂಬರ್ ಇದ್ದರೆ ಇನ್ನೂ ಗಟ್ಟಿ. ಮಾರಿದವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ನಿಮ್ಮ ಕಚೇರಿಯ ಹೆಸರು ಇರಲೇಬೇಕು. ಮಾಲೀಕರ ಮಗನ ಹೆಸರಿಗೋ "ಕ್ಯಾಶ್" ಅಂತಲೋ ಇರುವ ಬಿಲ್ ಕಚೇರಿಯ ಒಡೆತನ ತೋರಿಸೋದಿಲ್ಲ.

ನಿಮ್ಮದು 2018ರ ಮೇ. ಅಂಗಡಿ ಇನ್ನೂ ನಡೀತಿದ್ದರೆ ಅವರ ಹತ್ತಿರ ಪ್ರತಿ ಇರಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. 2018–19ರ ವಾರ್ಷಿಕ ರಿಟರ್ನ್ ಗಡುವು ಮುಂದೆ ಹೋಗಿ ಹೋಗಿ 2020ರ ಡಿಸೆಂಬರ್ 31ಕ್ಕೆ ನಿಂತಿತ್ತು. ಅಂದರೆ 2026ರ ಡಿಸೆಂಬರ್ ಕೊನೆಯವರೆಗೆ ಆ ಬಿಲ್ ಅವರ ಕಡತದಲ್ಲಿ ಇರಬೇಕಾದದ್ದೇ. ಬಿಲ್ ನಂಬರ್ ಹೇಳಿ ನಕಲು ಕೇಳಿ. ಜೊತೆಗೆ ಅವರ ಲೆಟರ್‌ಹೆಡ್‌ನಲ್ಲಿ, ಆ ಬಿಲ್ಲಿನ "ಸಾಫ್ಟ್‌ವೇರ್" ಅಂದರೆ ಯಾವ ಉತ್ಪನ್ನ, ಎಷ್ಟು ಪ್ರತಿ ಅಂತ ಬರೆದು ಸಹಿ, ಮೊಹರು ಹಾಕಿಸಿಕೊಳ್ಳಿ. ಹೊಸ ದಿನಾಂಕ ಹಾಕಿ ಹಳೆಯ ಬಿಲ್ ತಿದ್ದಿಸೋ ಕೆಲಸಕ್ಕೆ ಮಾತ್ರ ಹೋಗಬೇಡಿ. ಅವರ ರಿಟರ್ನ್‌ನಲ್ಲಿ ಒಂದು, ನಿಮ್ಮ ಕೈಯಲ್ಲಿ ಒಂದು ಅಂತಾದರೆ ಇದ್ದ ಸಾಕ್ಷಿಯೂ ಕೆಡುತ್ತದೆ.

ಬಿಲ್ಲೇ ಕಳೆದಿದ್ದರೆ ನಿಮ್ಮ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ತಿಂಗಳ 2ಎ (ನಿಮಗೆ ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ) ತೆಗೆದು ನೋಡಿ. ಬಿಲ್ ನಂಬರ್, ದಿನಾಂಕ, ಮೊತ್ತ, ತೆರಿಗೆ ಸಿಗುತ್ತವೆ. ಒಳಗಿನ ಸಾಮಾನಿನ ಹೆಸರು ಸಿಗೋದಿಲ್ಲ. ಆದರೂ ಅಂಗಡಿಯವರ ಮುಂದೆ "ಈ ನಂಬರಿನ ಬಿಲ್ ಕೊಡಿ" ಅಂತ ಕೇಳೋದಕ್ಕೆ ಅದೇ ಸಾಕು. ಮಾರಿದವರು ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ವ್ಯಾಪಾರಿ ಆಗಿದ್ದರೆ ಅಲ್ಲಿ ಕಾಣೋದಿಲ್ಲ, ಅವರು ಕೊಡೋದು ಬಿಲ್ ಆಫ್ ಸಪ್ಲೈ.

2017ರ ಜುಲೈ 1ಕ್ಕೆ ಹಿಂದಿನ ಬಿಲ್ ಯಾರದಾದರೂ ಇದ್ದರೆ ಅದರಲ್ಲಿ ಜಿಎಸ್‌ಟಿ ನಂಬರ್ ಹುಡುಕಬೇಡಿ. ಆಗ ಇದ್ದದ್ದು ವ್ಯಾಟ್, 11 ಅಂಕಿಯ ಟಿನ್ ನಂಬರ್. ಕರ್ನಾಟಕದ್ದು 29ರಿಂದ ಶುರು. 15 ಅಕ್ಷರದ ಜಿಎಸ್‌ಟಿ ನಂಬರಿನಲ್ಲೂ ನಮ್ಮ ರಾಜ್ಯದ ಮೊದಲ ಎರಡು ಅಂಕಿ 29 ಆದ್ದರಿಂದ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. 2016ರ ದಿನಾಂಕದ ಬಿಲ್‌ನಲ್ಲಿ 15 ಅಕ್ಷರ ಕಂಡರೆ ಅದು ಆಮೇಲೆ ತಯಾರಿಸಿದ್ದು.

ಥರ್ಮಲ್ ಕಾಗದದ ರಸೀದಿ ಇದ್ದರೆ ಇವತ್ತೇ ಸ್ಕ್ಯಾನ್ ಮಾಡಿ. ಅಕ್ಷರ ಮಾಸಿದ ಮೇಲೆ ಮಾಡೋದಕ್ಕೆ ಏನೂ ಇರೋದಿಲ್ಲ.


ಉತ್ತರ: ಸ್ಮಾರ್ಟ್ ಶಾಪರ್

ಇಷ್ಟೆಲ್ಲ ಯಾಕೆ ಸರ್, ಆನ್‌ಲೈನ್‌ನಲ್ಲಿ 500–600 ರೂಪಾಯಿಗೆ ಪ್ರೊ ಕೀ ಸಿಗುತ್ತೆ. ಇಮೇಲ್‌ಗೆ ಕೀ ಬರುತ್ತೆ, ಬಿಲ್ ಕೂಡ ಕೊಡ್ತಾರೆ.


ಉತ್ತರ: ಕೀಲಿಕೈ

ಅದನ್ನು ಕಚೇರಿಗೆ ತರಬೇಡಿ. ಆ ಬೆಲೆಗೆ ಸಿಗುವ ಕೀಗಳು ಹೆಚ್ಚಾಗಿ ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳು, ಇಲ್ಲವೇ ಗುಜರಿಗೆ ಹೋದ ಯಂತ್ರಗಳ ಒಇಎಂ ಕೀಗಳು. ಮೊದಲ ದಿನ ಆಕ್ಟಿವೇಟ್ ಆಗುತ್ತವೆ. ಎಣಿಕೆ ಮೀರಿದಾಗ ಅಥವಾ ಮೂಲ ಸಂಸ್ಥೆ ದೂರು ಕೊಟ್ಟಾಗ ಕೀ ಬ್ಲಾಕ್ ಆಗುತ್ತದೆ, ಆಮೇಲೆ ಸಿ004ಸಿ003 ಅಂತ ಕೊನೆಯಾಗುವ ಎರರ್ ಬರುತ್ತದೆ. ಮಾರಿದವನಿಗೆ ಮಾರುವ ಹಕ್ಕೇ ಇಲ್ಲದ ವಸ್ತುವಿಗೆ ಅವನು ಕೊಟ್ಟ ಬಿಲ್ ಒಡೆತನ ಕೊಡೋದಿಲ್ಲ. ಈ ಪ್ರಶ್ನೆಯೇ ಒಡೆತನ ತೋರಿಸೋದರ ಬಗ್ಗೆ.


ತುಂಗಾತೀರ

ಕೀಲಿಕೈ ಸರ್ ಹೇಳಿದಂತೆ ಆರನ್ನೂ ನೋಡಿದೆ.

ಲ್ಯಾಪ್‌ಟಾಪ್: ಹಾಕಿರೋದು ಸಿಂಗಲ್ ಲ್ಯಾಂಗ್ವೇಜ್, ಬಯಾಸ್‌ನಲ್ಲಿರುವ ಕೀ ಬರೀ ಹೋಮ್‌ಗೆ. ಬಯಾಸ್ ಪರದೆಯಲ್ಲಿರುವ ಸೀರಿಯಲ್ ನಂಬರ್ ಕೆಳಗಿನ ಲೇಬಲ್‌ಗೆ ಹೊಂದೋದಿಲ್ಲ. ಎರರ್ ಎಫ್211 ಅಂತ ಕೊನೆಯಾಗುತ್ತದೆ.

ಅಸೆಂಬಲ್ಡ್, ಬೋರ್ಡ್ ಬದಲಿಸದೇ ಇರುವುದು: ಒಇಎಂ_ಸಿಒಎ. ಕಪಾಟಿನಲ್ಲಿ ಒಂದು ತೆಳು ರಟ್ಟಿನ ಲಕೋಟೆ ಸಿಕ್ಕಿತು, ಒಳಗೆ ಡಿವಿಡಿ, ಅಂಟಿಸದೇ ಬಿಟ್ಟ ಸ್ಟಿಕ್ಕರ್. ಕೊನೆಯ 5 ಅಕ್ಷರ ಹೊಂದುತ್ತವೆ. ಅಲ್ಲೇ ಇನ್ನೊಂದು ಪೆನ್‌ಡ್ರೈವ್ ಇರುವ ಬಾಕ್ಸ್, ಒಳಗೆ ಕೀ ಕಾರ್ಡ್. ಅದು ಬೋರ್ಡ್ ಬದಲಿಸಿದ ಯಂತ್ರದ್ದೇ ಇರಬೇಕು.

ಸೆಕೆಂಡ್ ಹ್ಯಾಂಡ್ ಮೂರೂ: ವಾಲ್ಯೂಮ್_ಕೆಎಂಎಸ್‌ಕ್ಲೈಂಟ್. ಎರಡರಲ್ಲಿ 259200 ನಿಮಿಷ ಅಂತ ಇದೆ, ಒಂದರಲ್ಲಿ 2038ನೇ ಇಸವಿ ಜನವರಿಗೆ ಮುಗಿಯುತ್ತದೆ ಅಂತ. ಮೂರರ ಬಯಾಸ್‌ನಲ್ಲೂ ವಿಂಡೋಸ್ 10 ಪ್ರೊ ಕೀ ಇದೆ.


ಉತ್ತರ: ಕೀಲಿಕೈ

ಚೆನ್ನಾಗಿ ನೋಡಿದ್ದೀರಿ. ಈಗ ಒಂದೊಂದಾಗಿ.

ಪೆನ್‌ಡ್ರೈವ್ ಬಾಕ್ಸ್ ರಿಟೇಲ್. ನಿಮ್ಮ ಬಳಿ ಇರೋದರಲ್ಲಿ ಅತ್ಯಂತ ಗಟ್ಟಿ ಲೈಸೆನ್ಸ್ ಅದೇ, ಏಕೆಂದರೆ ರಿಟೇಲ್ ಲೈಸೆನ್ಸನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಬಹುದು. ಹಳೆಯ ಬೋರ್ಡ್ ಈಗ ಬಳಕೆಯಲ್ಲಿ ಇಲ್ಲ ಅಂದರೆ ಷರತ್ತು ಪೂರ್ತಿಯಾಯಿತು. 12ನೇ ಜನರೇಶನ್ ಯಂತ್ರದಲ್ಲಿ ಸೆಟಿಂಗ್ಸ್, ಆಕ್ಟಿವೇಶನ್, ಚೇಂಜ್ ಪ್ರಾಡಕ್ಟ್ ಕೀ ಒತ್ತಿ ಕಾರ್ಡಿನ 25 ಅಕ್ಷರ ಹಾಕಿ. ವಿಂಡೋಸ್ 10ರ ರಿಟೇಲ್ ಕೀ 11ಕ್ಕೂ ನಡೆಯುತ್ತದೆ, ಆವೃತ್ತಿ ಮಾತ್ರ ಪ್ರೊಗೆ ಪ್ರೊ ಆಗಿರಬೇಕು. ಸಿ008 ಅಂತ ಕೊನೆಯಾಗುವ ಎರರ್ ಬಂದರೆ ಕೀ ಹೆಚ್ಚು ಬಾರಿ ಬಳಕೆಯಾಗಿದೆ ಅಂತ ಅರ್ಥ. ಆಗ ಗೆಟ್ ಹೆಲ್ಪ್ ಆ್ಯಪ್‌ನಿಂದ ಸಪೋರ್ಟಿಗೆ ಹೋಗಿ ಬಿಲ್, ಬಾಕ್ಸಿನ ಎರಡೂ ಬದಿ, ಕಾರ್ಡಿನ ಫೋಟೊ ಕೊಡಿ. ಬಾಕ್ಸ್ ಬಿಸಾಡದೇ ಇಟ್ಟದ್ದು ಇಲ್ಲಿ ಕೈ ಹಿಡಿಯುತ್ತದೆ.

ಮುಂದೆ ಯಾರಾದರೂ ರಿಟೇಲ್ ಇರುವ ಯಂತ್ರದ ಬೋರ್ಡ್ ಬದಲಿಸೋದಿದ್ದರೆ, ಹಳೆಯದು ಇನ್ನೂ ಓಡುವಾಗಲೇ ಎಸ್‌ಎಲ್‌ಎಂಜಿಆರ್ ಸ್ಲ್ಯಾಶ್ ಯುಪಿಕೆ ಕೊಟ್ಟು ಅದರಿಂದ ಕೀ ತೆಗೆದುಬಿಡಿ. 

ರಟ್ಟಿನ ಲಕೋಟೆಯದ್ದು ಒಇಎಂ ಪ್ಯಾಕ್. ಇದು ಮೊದಲು ಹಾಕಿದ ಮದರ್‌ಬೋರ್ಡಿನ ಜೊತೆಗೇ ಹುಟ್ಟಿ ಅದರ ಜೊತೆಗೇ ಮುಗಿಯುತ್ತದೆ. ಬೋರ್ಡ್ ಕೆಟ್ಟಿದೆ ಅಂತ ಅದೇ ಮಾದರಿಯದ್ದನ್ನೋ ತಯಾರಕರು ಸಮಾನವೆಂದು ಕೊಟ್ಟದ್ದನ್ನೋ ಹಾಕಿದರೆ ಲೈಸೆನ್ಸ್ ಉಳಿಯುತ್ತದೆ. ವೇಗ ಹೆಚ್ಚಿಸಲು ಹೊಸ ತಲೆಮಾರಿನ ಬೋರ್ಡ್ ಹಾಕಿದರೆ ಅದನ್ನು ಹೊಸ ಕಂಪ್ಯೂಟರ್ ಅಂತಲೇ ಲೆಕ್ಕ ಹಿಡಿಯುತ್ತಾರೆ, ಲೈಸೆನ್ಸ್ ಹೋಗುತ್ತದೆ. ನಿಮ್ಮ 7ನೇ ಜನರೇಶನ್ ಯಂತ್ರ ಅಧಿಕೃತವಾಗಿ 11ಕ್ಕೆ ಅರ್ಹವಲ್ಲ, ಇಂಟೆಲ್‌ನಲ್ಲಿ 8ನೇ ಜನರೇಶನ್‌ನಿಂದ ಶುರು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಹಾಗಾಗಿ ಇದೊಂದಕ್ಕೆ ಬೋರ್ಡ್ ಬದಲಿಸಿ 11 ಹಾಕೋ ಲೆಕ್ಕ ಹಾಕಿದ್ದರೆ ಹೊಸ ಲೈಸೆನ್ಸಿನ ಹಣವನ್ನೂ ಸೇರಿಸಿಕೊಳ್ಳಿ. ಆ ಹಣ ಸೇರಿಸಿದರೆ ವಿಂಡೋಸ್ ಸಮೇತ ಬರುವ ಹೊಸ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಹೆಚ್ಚು ಸರಿ ಅಂತ ನನ್ನ ಅಭಿಪ್ರಾಯ.

ಆ ಸ್ಟಿಕ್ಕರನ್ನು ಈಗಲೇ ಆ ಯಂತ್ರದ ಕ್ಯಾಬಿನೆಟ್ ಮೇಲೆ ಅಂಟಿಸಿ. ಒಇಎಂ ಪ್ಯಾಕ್ ನಿಯಮದಲ್ಲಿ ಸ್ಟಿಕ್ಕರ್ ಇರಬೇಕಾದ ಜಾಗ ಅದೇ, ಲಕೋಟೆಯೊಳಗೆ ಇದ್ದರೆ ಯಾವ ಯಂತ್ರದ್ದು ಅನ್ನೋದಕ್ಕೆ ಆಧಾರ ಇರೋದಿಲ್ಲ. ಅಂಟಿಸೋ ಮೊದಲು ಒಂದು ಸ್ಪಷ್ಟ ಫೋಟೊ ತೆಗೆದಿಡಿ. ಕೆಲವು ಸ್ಟಿಕ್ಕರ್‌ಗಳಲ್ಲಿ ಕೀಯ ಕೆಲವು ಅಕ್ಷರಗಳ ಮೇಲೆ ಬೆಳ್ಳಿ ಬಣ್ಣದ ಪಟ್ಟಿ ಇರುತ್ತದೆ. ನಾಣ್ಯದಿಂದ ಜೋರಾಗಿ ಕೆರೆದರೆ ಕೆಳಗಿನ ಅಕ್ಷರವೂ ಕಿತ್ತು ಬರುತ್ತದೆ, ಉಗುರಿನಿಂದ ನಿಧಾನಕ್ಕೆ ಒಂದೇ ದಿಕ್ಕಿಗೆ ಕೆರೆಯಿರಿ.

ಲ್ಯಾಪ್‌ಟಾಪ್‌ನದು ಬೇರೆ ಕಥೆ. ರಿಪೇರಿಯವರು ಹಾಕಿರೋದು ಇನ್ನೊಂದು ಲ್ಯಾಪ್‌ಟಾಪಿನಿಂದ ಬಿಚ್ಚಿದ ಬೋರ್ಡ್, ಆ ಯಂತ್ರದ ಹೋಮ್ ಕೀ ಅದರೊಳಗೇ ಉಳಿದಿದೆ. ನಿಮ್ಮಲ್ಲಿ ಹಾಕಿರೋದು ಸಿಂಗಲ್ ಲ್ಯಾಂಗ್ವೇಜ್. ಆವೃತ್ತಿ ಹೊಂದದೇ ಇರೋದರಿಂದ ಆಕ್ಟಿವೇಶನ್ ನಿಂತಿದೆ. ಎಫ್211 ಅಂದರೆ ಹಾರ್ಡ್‌ವೇರ್ ಬದಲಾಗಿದೆ ಅಂತಲೇ ಅರ್ಥ. ಹೋಮ್ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ತಂತಾನೇ ಆಕ್ಟಿವೇಟ್ ಆಗಬಹುದು. ಆದರೆ ಕಾಗದದ ಮೇಲೆ ನಿಮ್ಮದು ಸಿಂಗಲ್ ಲ್ಯಾಂಗ್ವೇಜ್, ಕೆಳಗಿನ ಲೇಬಲ್‌ನ ಸೀರಿಯಲ್ ಬೇರೆ, ಬಯಾಸ್‌ನ ಸೀರಿಯಲ್ ಬೇರೆ. ಸರಿಯಾದ ದಾರಿ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರ್: ಅವರು ಬೋರ್ಡ್ ಬದಲಿಸಿದಾಗ ಮೂಲ ಸೀರಿಯಲ್ ನಂಬರನ್ನು ಬೋರ್ಡಿಗೆ ಬರೆಯುತ್ತಾರೆ. ಅಲ್ಲಿಗೆ ಹೋಗೋ ಮೊದಲು ರಿಪೇರಿ ಅಂಗಡಿಯಿಂದ ಜಾಬ್‌ಶೀಟ್ ತಗೊಳ್ಳಿ. ಅದರಲ್ಲಿ ಲ್ಯಾಪ್‌ಟಾಪಿನ ಮಾದರಿ, ಸೀರಿಯಲ್, "ಮದರ್‌ಬೋರ್ಡ್ ದೋಷಪೂರಿತ, ಅದೇ ಮಾದರಿಯ ಬೋರ್ಡ್ ಹಾಕಲಾಗಿದೆ" ಅನ್ನೋ ಸಾಲು, ಹಳೆಯ ಮತ್ತು ಹೊಸ ಬೋರ್ಡಿನ ನಂಬರ್ ಇರಲಿ. ಒಇಎಂ ಲೈಸೆನ್ಸ್ ಉಳಿಯೋದು ಆ "ದೋಷಪೂರಿತ" ಅನ್ನೋ ಕಾರಣದ ಮೇಲೆ. ಸಪೋರ್ಟಿನವರ ಮುಂದೆಯೂ ಮೂಲ ಬಿಲ್ ಮತ್ತು ಈ ಜಾಬ್‌ಶೀಟ್ ಒಟ್ಟಿಗೆ ಇಡಿ, ಒಂದನ್ನೇ ಕಳಿಸಿದರೆ ಮತ್ತೆ ಕೇಳುತ್ತಾರೆ.


ಉತ್ತರ: ನೇತ್ರಾವತಿ

ಸೆಕೆಂಡ್ ಹ್ಯಾಂಡ್ ಮೂರರ ಬಗ್ಗೆ.

ಕೆಎಂಎಸ್ ಅನ್ನೋದು ದೊಡ್ಡ ಸಂಸ್ಥೆಗಳ ಒಳಗಿನ ಆಕ್ಟಿವೇಶನ್ ಸರ್ವರ್. 259200 ನಿಮಿಷವನ್ನು 1440ರಿಂದ ಭಾಗಿಸಿ, 180 ದಿನ ಬರುತ್ತದೆ. ಆ ಅವಧಿಯೊಳಗೆ ಯಂತ್ರ ಮತ್ತೆ ಸರ್ವರನ್ನು ಕಾಣಬೇಕು. ಆ ಸರ್ವರ್ ಕೆಲಸ ಶುರು ಮಾಡೋದಕ್ಕೇ ಕನಿಷ್ಠ 25 ಕ್ಲೈಂಟ್ ಕಂಪ್ಯೂಟರ್ ಬೇಕು. ಆರು ಯಂತ್ರದ ಕಚೇರಿಯಲ್ಲಿ 180 ದಿನ ಪೂರ್ತಿ ತುಂಬಿ ನಿಂತಿದೆ ಅಂದರೆ, ಮಾರಿದವರು ಒಳಗೆ ನಕಲಿ ಕೆಎಂಎಸ್ ಪ್ರೋಗ್ರಾಂ ಕೂರಿಸಿದ್ದಾರೆ, ಅದು ಹಿನ್ನೆಲೆಯಲ್ಲಿ ನವೀಕರಿಸುತ್ತಲೇ ಇದೆ. 2038ರ ಜನವರಿ ತೋರಿಸೋದೂ ಕಳ್ಳ ಆಕ್ಟಿವೇಶನ್ನೇ. ಕ್ಲೈಂಟ್‌ಗಳ ತೆರಿಗೆ ಕಡತ, ಪಾಸ್‌ವರ್ಡ್ ಇರುವ ಯಂತ್ರದಲ್ಲಿ ಇಂಥದ್ದು ಇರಬಾರದು. ಲೈಸೆನ್ಸ್ ಮಾತು ಆಮೇಲೆ, ಮೊದಲು ಅದನ್ನು ತೆಗೆಯಬೇಕು.

ಒಳ್ಳೆಯದೇನೆಂದರೆ ಬಯಾಸ್‌ನಲ್ಲಿ ಪ್ರೊ ಕೀ ಇದೆ. ಆ ಯಂತ್ರಗಳು ಕಾರ್ಖಾನೆಯಿಂದ ಬಂದದ್ದೇ ವಿಂಡೋಸ್ 10 ಪ್ರೊ ಜೊತೆ. ಮೊದಲ ಮಾಲೀಕ ಸಂಸ್ಥೆ ಅದರ ಮೇಲೆ ತನ್ನ ಎಂಟರ್‌ಪ್ರೈಸ್ ಹಾಕಿಕೊಂಡಿತ್ತು, ಮಾರಿದವರು ಅದನ್ನೇ ಮುಂದುವರಿಸಿದರು. ಎಂಟರ್‌ಪ್ರೈಸ್ ಮೇಲೆ ನಿಮಗೆ ಹಕ್ಕಿಲ್ಲ. ಪ್ರೊ ಒಇಎಂ ಲೈಸೆನ್ಸ್ ಯಂತ್ರದ ಜೊತೆಗೇ ಕೈ ಬದಲಾಗುತ್ತದೆ, ಅದು ನಿಮ್ಮದೇ.

ಎಂಟರ್‌ಪ್ರೈಸ್ ಇದ್ದ ಹಾಗೆಯೇ 11ಕ್ಕೆ ಅಪ್‌ಗ್ರೇಡ್ ಮಾಡಬೇಡಿ. 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ವಿಂಡೋಸ್ 11 ಹಾಕಿಕೊಳ್ಳಿ. ದತ್ತಾಂಶ ಬ್ಯಾಕಪ್ ತೆಗೆದು, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕಿನ ಎಲ್ಲ ಪಾರ್ಟಿಶನ್ ಅಳಿಸಿ ಹಾಕಿ. ಸೆಟಪ್ ಬಯಾಸ್‌ನ ಕೀ ಓದಿಕೊಂಡು ಯಾವ ಆವೃತ್ತಿ ಅಂತ ಕೇಳದೇ ಪ್ರೊ ಹಾಕುತ್ತದೆ. ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಬಳಿಕ ಅದೇ ಎಸ್‌ಎಲ್‌ಎಂಜಿಆರ್ ಕಮಾಂಡ್‌ನಲ್ಲಿ ಈಗ ವಾಲ್ಯೂಮ್ ಅನ್ನೋ ಪದ ಇರಬಾರದು.

ಮೂರರಲ್ಲಿ ಮೊದಲು ಒಂದನ್ನು ಮಾತ್ರ ಮಾಡಿ ನೋಡಿ. ಕಾರಣ ಆಟೋಪೈಲಟ್. ಹಿಂದಿನ ಸಂಸ್ಥೆ ಯಂತ್ರದ ಗುರುತನ್ನು ತನ್ನ ಖಾತೆಯಲ್ಲಿ ನೋಂದಾಯಿಸಿ ತೆಗೆಯದೇ ಬಿಟ್ಟಿದ್ದರೆ, ಹೊಸದಾಗಿ ವಿಂಡೋಸ್ ಹಾಕಿ ಇಂಟರ್ನೆಟ್ ಕೊಟ್ಟ ಕೂಡಲೇ ಆ ಸಂಸ್ಥೆಯ ಹೆಸರಿನ ಲಾಗಿನ್ ಪರದೆ ಬರುತ್ತದೆ. ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಅದೇ, ಏಕೆಂದರೆ ನೋಂದಣಿ ಇರೋದು ಡಿಸ್ಕಿನಲ್ಲಲ್ಲ, ಮೈಕ್ರೋಸಾಫ್ಟ್ ಕಡೆ. ಅದನ್ನು ತೆಗೆಯಲು ಆಗೋದು ಆ ಸಂಸ್ಥೆಯ ಐಟಿ ಅಡ್ಮಿನ್‌ಗೆ, ಇಲ್ಲವೇ ಅವರಿಗೆ ಯಂತ್ರ ನೋಂದಾಯಿಸಿ ಕೊಟ್ಟ ತಯಾರಕ ಅಥವಾ ವಿತರಕರಿಗೆ. ಇಂಟರ್ನೆಟ್ ಇಲ್ಲದೇ ಸೆಟಪ್ ಮುಗಿಸುವ ಉಪಾಯಗಳು ಓಡಾಡುತ್ತವೆ, ಆದರೆ ಒಡೆತನದ ಗೊಂದಲ ಹಾಗೇ ಉಳಿಯುತ್ತದೆ, ಮುಂದಿನ ರೀಸೆಟ್‌ಗೆ ಮತ್ತೆ ಎದುರಾಗುತ್ತದೆ. ಹಾಗೆ ಬಂದರೆ ಮಾರಿದವರಿಗೆ ವಾಪಸ್ ಕೊಡಿ ಅಥವಾ ಬಿಡುಗಡೆ ಮಾಡಿಸಿ ಕೊಡಲು ಹೇಳಿ. ಅವರ ಬಳಿ ಆ ಸಂಸ್ಥೆ ಯಂತ್ರಗಳನ್ನು ವಿಲೇವಾರಿ ಮಾಡಿದ ಪತ್ರ, ಸೀರಿಯಲ್ ನಂಬರ್ ಪಟ್ಟಿ ಇರಬೇಕು.

ಬಿಲ್ ವಿಚಾರದಲ್ಲಿ: ಸೆಕೆಂಡ್ ಹ್ಯಾಂಡ್ ಬಿಲ್‌ನಲ್ಲಿ ಮೂರೂ ಯಂತ್ರದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, "ಮೂಲ ವಿಂಡೋಸ್ ಪ್ರೊ ಒಇಎಂ ಲೈಸೆನ್ಸ್ ಸಮೇತ" ಅಂತಲೂ. ಕ್ಯಾಬಿನೆಟ್ ಮೇಲೆ ನೀಲಿ ಛಾಯೆಯ ಚಿಕ್ಕ ಮೈಕ್ರೋಸಾಫ್ಟ್ ಲೇಬಲ್ ಇದೆಯೇ ನೋಡಿ. ವಿಂಡೋಸ್ 8ರ ನಂತರ ಅದರಲ್ಲಿ ಕೀ ಮುದ್ರಿಸೋದಿಲ್ಲ, ಹಾಗಾಗಿ ಕೀ ಇಲ್ಲ ಅಂತ ಕಿತ್ತು ಹಾಕಬೇಡಿ. ಇನ್ನು ಮುಂದೆ ಸೆಕೆಂಡ್ ಹ್ಯಾಂಡ್ ತರೋದಿದ್ದರೆ ಮೈಕ್ರೋಸಾಫ್ಟ್ ಅಧಿಕೃತ ರಿಫರ್ಬಿಷರ್ (ಹಳೆಯ ಯಂತ್ರ ಸರಿಪಡಿಸಿ ಮಾರುವವರು) ಹತ್ತಿರ ನೋಡಿ. ಅವರು ರಿಫರ್ಬ್ ಯಂತ್ರಕ್ಕೆಂದೇ ಬೇರೆ ಲೈಸೆನ್ಸ್, ಬೇರೆ ಸ್ಟಿಕ್ಕರ್ ಹಾಕಿ ಕೊಡುತ್ತಾರೆ.


ತುಂಗಾತೀರ

ನೇತ್ರಾವತಿ ಮೇಡಂ, ಒಂದನ್ನು ಮಾಡಿದೆ. ಪ್ರೊ ಬಂತು, ತಾನೇ ಆಕ್ಟಿವೇಟ್ ಆಯಿತು, ಯಾವ ಸಂಸ್ಥೆಯ ಪರದೆಯೂ ಬರಲಿಲ್ಲ. ಈಗ ಒಇಎಂ_ಡಿಎಂ ಅಂತ ತೋರಿಸುತ್ತದೆ. ರಿಟೇಲ್ ಕೀ ಕೂಡ ಒಪ್ಪಿತು.

ಇನ್ನೆರಡು ಪ್ರಶ್ನೆ. ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಅದರಿಂದ ಒಡೆತನಕ್ಕೆ ಏನು ಲಾಭ? ಮತ್ತೆ ಲ್ಯಾಪ್‌ಟಾಪಿನ ಆಫೀಸ್ 2019 ಅಂಗಡಿಯವರೇ ಹಾಕಿ ಕೊಟ್ಟಿದ್ದು, ಯಾವ ಖಾತೆಯಲ್ಲಿದೆ ಅಂತ ಗೊತ್ತಿಲ್ಲ. ಅದನ್ನು 2024ಕ್ಕೆ ಏರಿಸಬಹುದೇ?


ಉತ್ತರ: ಲೆಕ್ಕದ ಕಟ್ಟು

ಆಫೀಸ್‌ಗೆ ಉತ್ತರ ಸರಳ: ಒಮ್ಮೆ ಕೊಳ್ಳುವ ಆಫೀಸ್‌ಗೆ ಅಪ್‌ಗ್ರೇಡ್ ಬೆಲೆ ಅಂತ ಇಲ್ಲ. 2019 ಇದ್ದವರೂ 2024ಕ್ಕೆ ಪೂರ್ತಿ ಹಣ ಕೊಡಬೇಕು. 2019ಕ್ಕೂ ವಿಂಡೋಸ್ 10ರ ದಿನವೇ ಸಪೋರ್ಟ್ ನಿಂತಿದೆ. ಇನ್ನು ಅಂಗಡಿಯವರ ಖಾತೆ. ವರ್ಡ್ ತೆರೆದು ಫೈಲ್, ಅಕೌಂಟ್ ನೋಡಿ, "ಬಿಲಾಂಗ್ಸ್ ಟು" ಅಂತ ಒಂದು ಇಮೇಲ್ ಇರುತ್ತದೆ. ಅದು ಅಂಗಡಿಯವರದ್ದಾದರೆ ಆ ಪ್ರತಿ ಅವರ ಖಾತೆಗೆ ಸೇರಿದೆ, ನಿಮ್ಮ ಬಿಲ್ ತೋರಿಸಿ ಬೇರೆ ಖಾತೆಗೆ ಸಾಗಿಸೋದು ಸುಲಭವಿಲ್ಲ. ಒಂದೇ ಖಾತೆಗೆ ಹತ್ತಾರು ಗ್ರಾಹಕರ ಕಾರ್ಡ್ ಸೇರಿಸುವ ಅಂಗಡಿಗಳಿವೆ, ಆಗ ಯಾವುದು ನಿಮ್ಮದು ಅಂತ ಗುರುತಿಸೋದೂ ಕಷ್ಟ. ಹೊಸದು ಕೊಂಡಾಗ ಕಾರ್ಡನ್ನು ಸೀಲ್ ಸಮೇತ ಕಚೇರಿಗೆ ತಂದು ಕಚೇರಿಯ ಖಾತೆಯಲ್ಲೇ ಕೀ ಹಾಕಿ.


ಉತ್ತರ: ಕೀಲಿಕೈ

ಖಾತೆಗೆ ಜೋಡಿಸೋದು ಕೊಂಡ ದಾಖಲೆಗೆ ಬದಲಿ ಆಗೋದಿಲ್ಲ. ಆದರೆ ಮುಂದೆ ಬೋರ್ಡ್ ಹೋದಾಗ, ಬಿಲ್ ತೋರಿಸುವ ಹಂತಕ್ಕೇ ಹೋಗದೇ ಕೆಲಸ ಮುಗಿಯುತ್ತದೆ. ಬೋರ್ಡ್ ಹೋಗೋ ಮೊದಲೇ ಜೋಡಿಸಿರಬೇಕು, ಕೆಟ್ಟ ಮೇಲೆ ಜೋಡಿಸೋದಕ್ಕೆ ಬರೋದಿಲ್ಲ.

ಕಚೇರಿಯ ಹೆಸರಲ್ಲಿ ಒಂದು ವೈಯಕ್ತಿಕ ಬಗೆಯ ಮೈಕ್ರೋಸಾಫ್ಟ್ ಖಾತೆ ತೆರೆಯಿರಿ. ವರ್ಕ್ ಅಥವಾ ಸ್ಕೂಲ್ ಖಾತೆಗೆ ಡಿಜಿಟಲ್ ಲೈಸೆನ್ಸ್ ಜೋಡಣೆ ಆಗೋದಿಲ್ಲ. ರಿಕವರಿ ಫೋನ್ ನಂಬರ್ ಮಾಲೀಕರದ್ದು ಇರಲಿ. ಕೆಲಸಕ್ಕೆ ಬಂದ ಹುಡುಗನ ನಂಬರ್ ಕೊಟ್ಟರೆ ಅವನು ಬಿಟ್ಟು ಹೋದ ದಿನ ಖಾತೆಯೂ ಹೋಯಿತು. ಆಮೇಲೆ, ಜೋಡಿಸೋ ಮೊದಲೇ ಪ್ರತಿ ಯಂತ್ರದ ಹೆಸರು ಬದಲಿಸಿ: ಸೆಟಿಂಗ್ಸ್, ಸಿಸ್ಟಮ್, ಅಬೌಟ್, ರೀನೇಮ್. ವಿಂಡೋಸ್ ತಾನಾಗಿ ಇಡುವ ಹೆಸರು ಡೆಸ್ಕ್‌ಟಾಪ್, ಒಂದು ಅಡ್ಡಗೆರೆ, ಏಳು ಅರ್ಥವಿಲ್ಲದ ಅಕ್ಷರ. ಬೋರ್ಡ್ ಬದಲಿಸಿದ ಮೇಲೆ ಆಕ್ಟಿವೇಶನ್ ಟ್ರಬಲ್‌ಶೂಟ್ ಒತ್ತಿ, "ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಅನ್ನೋದನ್ನು ಆರಿಸಿದಾಗ ಖಾತೆಯಲ್ಲಿರುವ ಎಲ್ಲ ಯಂತ್ರಗಳ ಪಟ್ಟಿ ಬರುತ್ತದೆ. ಅಲ್ಲಿ ಹಳೆಯ ಯಂತ್ರದ ಹೆಸರನ್ನೇ ಆರಿಸಬೇಕು. ಅಂಥ ಆರು ಹೆಸರು ಸಾಲಾಗಿ ನಿಂತರೆ ಯಾವುದು ಯಾವುದು ಅಂತ ತಿಳಿಯೋದಿಲ್ಲ. ಕೌಂಟರ್-1, ಒಳಕೋಣೆ-2 ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಅದೇ ಹೆಸರನ್ನು ಕ್ಯಾಬಿನೆಟ್ ಮೇಲೂ ಅಂಟಿಸಿ.

ಆವೃತ್ತಿ ಒಂದೇ ಇದ್ದರೆ ಮಾತ್ರ ಈ ದಾರಿ ಕೆಲಸ ಮಾಡುತ್ತದೆ, ಎಷ್ಟು ಸಲ ಅನ್ನೋದಕ್ಕೆ ಮಿತಿಯೂ ಇದೆ. ಒಇಎಂ ಲೈಸೆನ್ಸಿಗೆ ಬೋರ್ಡಿನ ಷರತ್ತು ಹಾಗೇ ಇರುತ್ತದೆ, ಟ್ರಬಲ್‌ಶೂಟರ್ ಒಪ್ಪಿತು ಅಂತ ಹಕ್ಕು ಹುಟ್ಟೋದಿಲ್ಲ.

7ನೇ ಜನರೇಶನ್ ಯಂತ್ರವನ್ನು ತಕ್ಷಣ ಬದಲಿಸೋದಕ್ಕೆ ಆಗದಿದ್ದರೆ ವಿಸ್ತರಿತ ಭದ್ರತಾ ಅಪ್‌ಡೇಟ್ ಅನ್ನೋ ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ. ಅದು ಮನೆ ಬಳಕೆಯವರಿಗೆ ಮಾಡಿದ್ದು, ಕಚೇರಿಗಳಿಗೆ ಬೇರೆ, ಹೆಚ್ಚು ಬೆಲೆಯ ಯೋಜನೆ. ಎರಡಕ್ಕೂ ವಿಂಡೋಸ್ 10ರ 22ಎಚ್2 ಆವೃತ್ತಿ ಬೇಕು.


ಉತ್ತರ: ನೇತ್ರಾವತಿ

ಒಂದು ಸೇರಿಸುತ್ತೇನೆ. ಯಾರಾದರೂ ಮಾರಾಟಗಾರರು ವಾಲ್ಯೂಮ್ ಲೈಸೆನ್ಸಿನಲ್ಲಿ ವಿಂಡೋಸ್ 11 ಪ್ರೊ ಕೊಡುತ್ತೇವೆ, ಆರಕ್ಕೂ ಒಂದೇ ಕಾಗದ ಅಂತ ಬಂದರೆ, ಮೊದಲು ಕೇಳಿ: ಕೆಳಗಿನ ಮೂಲ ಲೈಸೆನ್ಸ್ ಯಾವುದು? ವಾಲ್ಯೂಮ್‌ನಲ್ಲಿ ವಿಂಡೋಸ್ ಸಿಗೋದು ಅಪ್‌ಗ್ರೇಡ್ ಆಗಿ ಮಾತ್ರ. ಪ್ರತಿ ಯಂತ್ರಕ್ಕೂ ಮೊದಲೇ ಒಂದು ಅರ್ಹ ಲೈಸೆನ್ಸ್ ಇರಬೇಕು, ಹೋಮ್ ಲೆಕ್ಕಕ್ಕೆ ಬರೋದಿಲ್ಲ. ಅಂದರೆ ಆಗಲೂ ಕೇಳೋದು ಇದೇ ಹಳೆಯ ಬಿಲ್, ಇದೇ ಸ್ಟಿಕ್ಕರ್. ಲ್ಯಾಪ್‌ಟಾಪಿನ ಸಿಂಗಲ್ ಲ್ಯಾಂಗ್ವೇಜ್ ಮೇಲೆ ಅದನ್ನು ಮಾರಿದರೆ ಹಣ ಕೊಟ್ಟೂ ಲೈಸೆನ್ಸ್ ಇಲ್ಲದಂತಾಗುತ್ತದೆ. ಹೋಮ್‌ನಿಂದ ಪ್ರೊಗೆ ಹೋಗೋದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ಕೊಳ್ಳಿ, ಆ ಖರೀದಿ ಯಾವ ಖಾತೆಯಲ್ಲಿ ಮಾಡುತ್ತೀರೋ ಆ ಖಾತೆಗೇ ಸೇರುತ್ತದೆ. ಇನ್‌ವಾಯ್ಸ್ ಇಮೇಲ್‌ಗೆ ಬರುತ್ತದೆ, ಅದನ್ನು ಪಿಡಿಎಫ್ ಮಾಡಿ ಇಡಿ.


ತುಂಗಾತೀರ

ಉಳಿದ ಎರಡು ಸೆಕೆಂಡ್ ಹ್ಯಾಂಡ್ ಯಂತ್ರವೂ ಪ್ರೊ ಆದವು. ಮಾರಿದವರು ಸೀರಿಯಲ್ ನಂಬರ್ ಹಾಕಿ ಬಿಲ್ ಕೊಡಲು ಒಪ್ಪಿದ್ದಾರೆ. ಲ್ಯಾಪ್‌ಟಾಪ್ ಸರ್ವಿಸ್ ಸೆಂಟರ್‌ಗೆ ಹೋಗುತ್ತದೆ, ಜಾಬ್‌ಶೀಟ್ ಸಿಕ್ಕಿದೆ. ಆದರೆ ಅದರಲ್ಲಿ ಹೊಸ ಬೋರ್ಡಿನ ನಂಬರ್ ಇಲ್ಲ.


ಉತ್ತರ: ಕೀಲಿಕೈ

ಆ ನಂಬರ್ ಬರೆಸಿಕೊಂಡೇ ಕಳಿಸಿ. ಬೋರ್ಡಿನ ಮೇಲೆ ಬಾರ್‌ಕೋಡ್ ಇರುವ ಚಿಕ್ಕ ಬಿಳಿ ಸ್ಟಿಕ್ಕರ್ ಇರುತ್ತದೆ, ಸಾಮಾನ್ಯವಾಗಿ ರ‍್ಯಾಮ್ ಸ್ಲಾಟಿನ ಆಸುಪಾಸು. ಹಿಂಬದಿ ಕವರ್ ಬಿಚ್ಚಿದಾಗ ರಿಪೇರಿಯವರೇ ಫೋಟೊ ತೆಗೆದು ಕೊಟ್ಟರೂ ಸಾಕು, ಜಾಬ್‌ಶೀಟಿನ ಹಿಂದೆ ಪ್ರಿಂಟ್ ಅಂಟಿಸಿ ಅವರ ಸಹಿ ಹಾಕಿಸಿ.